ಹತ್ತನೆಯ ಹಾಸಿಗೆ

ಶೀಲಾವತಿಗೆ ಮಕ್ಕಳ ಸಿಂಬಳ ಕಂಡರೆ ಹೇಸಿಗೆ. ಮೀನು ಮಾರುವವಳಿಗೆ ಮೀನಿನ ನಾತ ಆಗುವುದಿಲ್ಲವೆಂದರೆ ಹೇಗೋ, ಬಾಲವಾಡಿ ಟೀಚರಿಗೆ ಇದೂ ಹಾಗೆಯೇ. ಆದರೆ ಇತ್ತು, ಏನು ಮಾಡುವುದು? ಆಂಟಾಪ್ ಹಿಲ್ಲಿನ ಕ್ವಾರ್ಟರ್ಸಿನ ಹಿಂಗೋಡೆಗೆ ಆನಿಸಿ ಕಟ್ಟಿದ ತಗಡಿನ ಶೆಡ್ಡು ಅವಳ ಬಾಲವಾಡಿ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆದರೆ ಇಪ್ಪತ್ತಾರು ಮೂಗುಗಳು ಅವಳಿಗಾಗಿ ಕಾದಿರುತ್ತಿದ್ದವು. ಪ್ರತಿ ಮೂಗಿನ ಕೆಳಗೆ ಎರಡು ಹಳಿ, ಹಳಿಯ ಮೇಲೆ ನೊಣ. ಚಿಂದಿ ಬಟ್ಟೆಯ ಒಂದು ತುಂಡನ್ನು ಕೋಲಿನ ತುದಿಗೆ ಸುತ್ತಿ, ತೋಳು ಆದಷ್ಟು ಉದ್ದ ಚಾಚಿ, ಮುಖ ಅತ್ತ ತಿರುಗಿಸಿಕೊಂಡು ಅವಳು ಒಂದೊಂದಾಗಿ ಒರೆಸುತ್ತ ಹೋಗುತ್ತಿದ್ದಳು.

ಮಕ್ಕಳೆಲ್ಲ ಗುಲ್ಬರ್ಗಾ, ಯಾದಗಿರಿ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸಕ್ಕೆ ಇಟ್ಟಿಗೆ, ಸಿಮೆಂಟು ಹೊರುವವರ ಮಕ್ಕಳು. ಶೆಡ್ಡಿನ ಹಿಂದಿನ ಗಟಾರ ದಾಟಿದರೆ ಅವರ ಝೋಪಡಿಗಳು. ಶೀಲಾವತಿ ಉಡುಪಿ ಕಡೆಯವಳು, ಟೀಚರ್ ಟ್ರೈನಿಂಗ್ ಆದವಳು. ಗಂಡ ರಮಾನಾಥ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಆ ಹೋಟೆಲಿನ ಧಣಿಯ ಹೆಂಡತಿ ಪ್ರಫುಲ್ಲಾ ಒಂದು ಮಹಿಳಾ ಮಂಡಳಿಯ ಸೆಕ್ರೆಟರಿ. ಕಲಿತವಳು ಮನೆಯಲ್ಲಿ ಕೂತು ಏನು ಮಾಡುತ್ತಿ ಎಂದು ಮಂಡಳಿಯ ಬಾಲವಾಡಿಯನ್ನು ಶೀಲಾವತಿಗೆ ವಹಿಸಿದ್ದಳು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಶೀಲಾವತಿ ತಾನೇ ಬಣ್ಣದಲ್ಲಿ ಬರೆದು ಗೋಡೆಗೆ ತೂಗುಹಾಕಿದ್ದಳು. ಈ ಗಿಡಗಳು ಬಗ್ಗುವ ಜಾತಿಯವೇ ಅಲ್ಲ ಎಂಬುದು ಮೊದಲ ವಾರದಲ್ಲೇ ಅವಳಿಗೆ ಖಾತ್ರಿಯಾಗಿತ್ತು. ಈ ಜನಕ್ಕೆ ಹೆರುವುದು ಗೊತ್ತು, ಬೆಳೆಸುವುದು ಗೊತ್ತಿಲ್ಲ ಎಂದು ರಾತ್ರಿ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳುತ್ತಿದ್ದಳು.

ಬೆಳೆಸುವುದು ಹೇಗೆ ಎಂಬುದಕ್ಕೆ ಅವಳ ಮನೆಯಲ್ಲೇ ಒಂದು ಮಾದರಿ ಇತ್ತು, ಮಗ ಶೇಖರ. ಆರೂವರೆ ವರ್ಷದ ಶೇಖರ ಬಂದವರ ಮುಂದೆ ಕೈ ಬಾಯಿ ಆಡಿಸಿಕೊಂಡು ಇಂಗ್ಲಿಷಿನಲ್ಲಿ ನಾಲ್ಕು ಪದ್ಯ ಹೇಳುತ್ತಿದ್ದ. ಅವನನ್ನು ಕಾನ್ವೆಂಟಿಗೆ ಸೇರಿಸಲು ಧಣಿಗಳಿಂದ ಒಂದು ಶಿಫಾರಸಿನ ಕಾಗದ ಆಗಬೇಕೆಂದು ಅವಳು ಕೇಳಿಟ್ಟಿದ್ದಳು. ಅನ್ನವನ್ನು ಮಾತ್ರ ಅವಳೇ ಕಲಸಿ, ತುತ್ತು ಹಿಡಿದು, ಚಾಳಿನ ಉದ್ದಕ್ಕೂ ಅವನ ಹಿಂದೆ ಓಡಿ ಬಾಯಿಗೆ ಇಡಬೇಕಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳುತ್ತಾರೆಯೇ?

ಇಪ್ಪತ್ತಾರರಲ್ಲಿ ಇಬ್ಬರನ್ನು ಕಂಡರೆ ಅವಳಿಗೆ ಹೆಚ್ಚು ಹೇಸಿಗೆ. ಒಬ್ಬ ಸಾಯಬಣ್ಣ, ಐದು ವರ್ಷದವನು. ಎಂಟು ತಿಂಗಳಲ್ಲಿ ಅವಳ ಮುಂದೆ ಒಂದು ಅಕ್ಷರ ಮಾತಾಡಿದವನಲ್ಲ. ಅವಳು ಹತ್ತಿರ ಬಂದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುವನು. ಇನ್ನೊಬ್ಬಳು ಆರು ವರ್ಷದ ರಾಚವ್ವ. ಅವಳು ಒಬ್ಬಳೇ ಬಂದ ದಿನವೇ ಇಲ್ಲ, ಸೊಂಟದ ಮೇಲೆ ತಮ್ಮ ಮರೆಪ್ಪ ಇದ್ದೇ ಇರುತ್ತಿದ್ದ. ಹಲ್ಲು ಬಾರದ ಆ ಕೂಸಿಗೆ ಬಾಲವಾಡಿಯ ಉಪ್ಪಿಟ್ಟನ್ನು ತಾನು ಅಗಿದು, ನುಣ್ಣಗೆ ಮಾಡಿ, ಬಾಯಿಂದ ತೆಗೆದು ಬಾಯಿಗೆ ಇಡುತ್ತಿದ್ದಳು. ಮೊದಲ ಸಲ ಅದನ್ನು ಕಂಡ ದಿನ ಶೀಲಾವತಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಹಾಜರಿ ಕರೆಯುವಾಗಲೂ ಇವಳದೇ ಫಜೀತಿ. "ರಾಚವ್ವ" ಎಂದರೆ ಉತ್ತರವಿಲ್ಲ. "ರಾಚವ್ವ ಭೀಮರಾಯ" ಎಂದು ಗಟ್ಟಿಯಾಗಿ ಕೂಗಿದರೆ ತಲೆ ಇನ್ನಷ್ಟು ಕೆಳಗೆ. ಎದುರಿಗೆ ಹೋಗಿ, ಗದ್ದ ಹಿಡಿದೆತ್ತಿ ಕರೆದರೆ ಕಣ್ಣು ಮುಚ್ಚಿಕೊಳ್ಳುವಳು. ಮೊದಮೊದಲು ಅತ್ತಳು, ಆಮೇಲೆ ಅದೂ ನಿಂತಿತು. ಹಾಡು ಹೇಳುವುದಿಲ್ಲ, ಬಣ್ಣ ಕೇಳಿದರೆ ಹೇಳುವುದಿಲ್ಲ. ಮಂದ, ಎಂದು ಶೀಲಾವತಿ ತೀರ್ಮಾನಿಸಿದಳು. ತೀರ್ಮಾನಿಸಿದ ಮೇಲೆ ಕೂಗುವ ಶ್ರಮವೂ ತಪ್ಪಿತು.

ಎಪ್ಪತ್ತೊಂದನೆಯ ಇಸವಿ ಫೆಬ್ರವರಿಯಲ್ಲಿ ಟೆಸ್ಟು ಬಂತು. ಬೊರಿವಲಿಯಿಂದ ಆಚೆ ಯಾವುದೋ ಟ್ರಸ್ಟಿನವರು ಮಂದಬುದ್ಧಿ ಮಕ್ಕಳಿಗೆಂದು ಒಂದು ವಸತಿಗೃಹ ಕಟ್ಟಿಸಿದ್ದರು. ಅದರಲ್ಲಿ ಹತ್ತು ಹಾಸಿಗೆಗಳನ್ನು ಮಂಡಳಿಗೆ ಬಿಟ್ಟುಕೊಟ್ಟಿದ್ದರು. ಅವುಗಳಿಗೆ ತಕ್ಕ ಮಕ್ಕಳನ್ನು ಆರಿಸಲು ಪ್ರಫುಲ್ಲಾ ಒಬ್ಬ ಮಿಸ್ ದಳವಿಯನ್ನು ಗೊತ್ತು ಮಾಡಿದಳು. ಮಕ್ಕಳ ಮನಸ್ಸನ್ನು ಅಳೆಯುವ ವಿದ್ಯೆ ಕಲಿತವಳಂತೆ. ಒಂದು ಚರ್ಮದ ಪೆಟ್ಟಿಗೆ, ಒಂದು ಸೆಕೆಂಡು ಮುಳ್ಳಿನ ಗಡಿಯಾರ, ಒಂದು ಕಟ್ಟು ಇಂಗ್ಲಿಷ್ ಫಾರ್ಮು. ಅವಳಿಗೆ ಕನ್ನಡ ಬಾರದು. ಅವಳು ಹಿಂದಿಯಲ್ಲಿ ಕೇಳುವುದು, ಶೀಲಾವತಿ ಕನ್ನಡದಲ್ಲಿ ಕೇಳುವುದು, ಮಗು ಹೇಳಿದ್ದನ್ನು ತಿರುಗಿ ಹಿಂದಿಯಲ್ಲಿ ಒಪ್ಪಿಸುವುದು, ಹೀಗೆ ಎರಡು ದಿನ ನಡೆಯಿತು. ಶೀಲಾವತಿಗೆ ಒಳಗೊಳಗೇ ಹೆಮ್ಮೆ. ತನ್ನ ಟ್ರೈನಿಂಗ್ ಇಷ್ಟು ದಿನಕ್ಕೆ ಕೆಲಸಕ್ಕೆ ಬಂತಲ್ಲ.

ರಾಚವ್ವನ ಸರದಿ ಬಂದಾಗ ಅವಳ ಸೊಂಟದಿಂದ ಮರೆಪ್ಪನನ್ನು ಕೀಳುವುದಕ್ಕೇ ಐದು ನಿಮಿಷ ಹಿಡಿಯಿತು.

"ನಾಮ್ ಪೂಛೋ," ಎಂದಳು ದಳವಿ.

"ನಿನ್ನ ಹೆಸರೇನು, ಹೇಳು," ಎಂದಳು ಶೀಲಾವತಿ.

ರಾಚವ್ವ ನೆಲ ನೋಡಿದಳು.

"ನಿನ್ನ ತಾಯಿಯ ಹೆಸರು?"

"ಅವ್ವ."

"ಅವ್ವ ಅನ್ನುವುದು ಹೆಸರಲ್ಲ. ಅಪ್ಪನ ಹೆಸರು?"

ಇದಕ್ಕೂ ನೆಲವೇ ಉತ್ತರ. ದಳವಿ ಒಂದು ಚಿತ್ರ ಎತ್ತಿ ಹಿಡಿದಳು. ಹಸು. ಬಿಳಿ ಹಸು, ಹಸಿರು ಹುಲ್ಲು, ಯಾವ ಕುರುಡನಿಗೂ ತಿಳಿಯಬೇಕು. ಇದು ಏನು ಎಂದು ಶೀಲಾವತಿ ಮೂರು ಸಲ ಕೇಳಿದಳು. ರಾಚವ್ವ ಒಮ್ಮೆ ಚಿತ್ರ ನೋಡಿ, ಒಮ್ಮೆ ದಳವಿಯನ್ನು ನೋಡಿ, ತುಟಿ ಬಿಗಿ ಹಿಡಿದಳು. ಹೆದರಿಕೆ ಬಿಡಿಸಲು ದಳವಿ ಒಂದು ಬಿಸ್ಕತ್ತು ಕೊಟ್ಟು ತಿನ್ನು ಎಂದಳು. ಹುಡುಗಿ ಬಿಸ್ಕತ್ತನ್ನು ಮೂಸಿಯೂ ನೋಡಲಿಲ್ಲ, ಎದ್ದು ಹೋಗಿ ಮೂಲೆಯಲ್ಲಿ ಅಳುತ್ತಿದ್ದ ತಮ್ಮನ ಕೈಯಲ್ಲಿಟ್ಟು ಬಂದು ಮತ್ತೆ ಕೂತಳು. ದಳವಿ ಗಡಿಯಾರ ನೋಡಿ ಏನೋ ಬರೆದಳು. ಕೊನೆಗೆ ಶೀಲಾವತಿಯ ಕಡೆ ತಿರುಗಿ, ಕ್ಲಾಸಿನಲ್ಲಿ ಹೆಸರು ಹಿಡಿದು ಕರೆದರೆ ಓಗೊಡುತ್ತಾಳೆಯೇ ಎಂದು ಕೇಳಿದಳು.

"ಇಲ್ಲ," ಎಂದಳು ಶೀಲಾವತಿ. "ಎಂಟು ತಿಂಗಳಲ್ಲಿ ಒಂದು ಸಲವೂ ಇಲ್ಲ."

ಅದು ಸತ್ಯವೇ ಆಗಿತ್ತು. ಸತ್ಯವನ್ನು ಹೇಳಿದ ತೃಪ್ತಿಯ ಜೊತೆಗೆ, ಇನ್ನು ಒಂದು ಮೂಗು ಕಡಿಮೆಯಾಯಿತು ಎಂಬ ಸಣ್ಣ ಸಮಾಧಾನವೂ ಅವಳಿಗಾಯಿತು. ಆರು ವರ್ಷಕ್ಕೂ ತನ್ನ ಹೆಸರು ತನಗೆ ತಿಳಿಯದ ಮಗು ಎಂದು ದಳವಿ ಕೆಂಪು ಗೀಟು ಎಳೆದಳು. ಮೂರು ಬಾಲವಾಡಿಗಳಿಂದ ಆರಿಸಿದ ಹತ್ತು ಹೆಸರುಗಳಲ್ಲಿ ರಾಚವ್ವನದು ಹತ್ತನೆಯದು. ಎರಡು ದಿನವೂ ಜ್ವರವೆಂದು ಬಾರದ ಸಾಯಬಣ್ಣನಿಗೆ ಟೆಸ್ಟೇ ಆಗಲಿಲ್ಲ.

ಮರುವಾರ ಪ್ರಫುಲ್ಲಾ ತನ್ನ ಟೀಚರುಗಳನ್ನೆಲ್ಲ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಬೊರಿವಲಿಯ ಆ ವಸತಿಗೃಹ ತೋರಿಸಲು ಕರೆದೊಯ್ದಳು. ಹೊರಗೆ ಕ್ರೋಟನ್ ಗಿಡ, ಸುಣ್ಣ ಹೊಡೆದ ಕಲ್ಲು. ಒಳಗೆ ಫಿನೈಲು. ಹುಡುಗ ಯಾರು ಹುಡುಗಿ ಯಾರು ತಿಳಿಯದಂತೆ ಎಲ್ಲರ ತಲೆ ಬೋಳಿಸಿ, ಒಂದೇ ಬಣ್ಣದ ಚೀಲದಂಥ ಅಂಗಿ ತೊಡಿಸಿದ್ದರು. ಅಷ್ಟು ಮಕ್ಕಳಿದ್ದ ಮನೆಯಲ್ಲಿ ಒಂದು ಗಲಾಟೆಯಿಲ್ಲ. ಒಬ್ಬ ಹುಡುಗನ ಸೊಂಟಕ್ಕೆ ಪಂಚೆ ಕಟ್ಟಿ ಅದರ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದಿದ್ದರು. ಓಡಿಹೋಗುತ್ತಾನೆ, ಅದಕ್ಕೆ, ಎಂದಳು ಅಲ್ಲಿನ ಆಯಾ. ಮನೆಗೆ ಯಾವಾಗ ಕಳಿಸುತ್ತೀರಿ ಎಂದು ಶೀಲಾವತಿ ಕೇಳಿದ್ದಕ್ಕೆ, ಕಳಿಸಿದರೆ ಕಲಿಸಿದ್ದೆಲ್ಲ ಕೆಡುತ್ತದೆ, ಇಲ್ಲಿಂದ ಕಳಿಸುವುದು ಅಂತ ಇಲ್ಲ ಎಂದಳು. ಶೀಲಾವತಿ ಮೂಗಿಗೆ ಸೆರಗು ಹಿಡಿದು ಹೊರಬಂದಳು. ಹೇಸಿಗೆಯಾಗಿತ್ತು, ಆದರೆ ಆ ದಿನ ಅವಳು ಅದನ್ನು ಫಿನೈಲಿನ ಲೆಕ್ಕಕ್ಕೆ ಹಾಕಿದಳು.

ತಂದೆತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವ ಕೆಲಸ ಟೀಚರುಗಳದ್ದು. ದೊಡ್ಡ ಸಾಲೆ, ಅಲ್ಲೇ ಊಟ, ಅಲ್ಲೇ ವಸತಿ ಎಂದು ಹೇಳಿದರೆ ಸಾಕು, ಹೆಚ್ಚು ವಿವರಿಸಲು ಹೋಗಬೇಡಿ ಎಂದು ಪ್ರಫುಲ್ಲಾ ಹೇಳಿಕೊಟ್ಟಿದ್ದಳು. ಒಂದು ಸಂಜೆ ಶೀಲಾವತಿ ಸೀರೆ ಎತ್ತಿ ಹಿಡಿದು ಗಟಾರ ದಾಟಿದಳು. ಈ ಎಂಟು ತಿಂಗಳಲ್ಲಿ ಅವಳು ಆ ಕಡೆ ಕಾಲಿಟ್ಟದ್ದು ಅದೇ ಮೊದಲು.

ರಾಚವ್ವನ ಅಪ್ಪ ಭೀಮರಾಯ ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ. ಅವನ ಹೆಂಡತಿ ಲಕ್ಷ್ಮವ್ವ ಒಂದು ಗೋಣಿ ಹಾಸಿ, "ಬರ್ರಿ ಟೀಚರಬಾಯಿ, ಕುಂದರ್ರಿ," ಎಂದಳು. ಆಮೇಲೆ ಒಳಗೆ ತಿರುಗಿ, "ಆಯೀ, ಟೀಚರಬಾಯಿಗೆ ನೀರ ತಾ," ಎಂದು ಕೂಗಿದಳು.

ಆಯಿ ಎಂದರೆ ಆ ಕಡೆಯವರಲ್ಲಿ ಅಜ್ಜಿ ಎಂಬಷ್ಟು ಶೀಲಾವತಿಗೆ ತಿಳಿದಿತ್ತು. ಯಾರೋ ಮುದುಕಿ ಬರುತ್ತಾಳೆಂದು ನೋಡಿದರೆ ತಂಬಿಗೆ ಹಿಡಿದು ಬಂದವಳು ರಾಚವ್ವ. ನೀರು ಕೊಟ್ಟವಳೇ ಒಲೆಯ ಮುಂದೆ ಹೋಗಿ ಕೂತಳು. ಹಿಟ್ಟನ್ನು ಬೊಗಸೆಯಲ್ಲಿ ಅಳೆದು ಪರಾತಕ್ಕೆ ಹಾಕಿದಳು. "ಅವ್ವಾ, ಕಾಕಾ ಇವತ್ತ ಬರಂಗಿಲ್ಲ, ಏಳು ರೊಟ್ಟಿ ಸಾಕಲ್ಲ? ಮತ್ತ ಎಣ್ಣಿ ಅಂಗಡಿಯವ ನಾಳೆ ಮುಂಜಾನೆ ಸರದಿ ಹಚ್ಚು ಅಂದಾನ, ನಾ ಹೋಗ್ತೀನಿ, ನೀ ಮರ್ಯಾನ್ನ ಹಿಡ್ಕೊ," ಎಂದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಶೀಲಾವತಿಯ ಕೈಯಲ್ಲಿದ್ದ ತಂಬಿಗೆ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

"ಅವಳ ಹೆಸರು ರಾಚವ್ವ ಅಲ್ಲವಾ?" ಎಂದಳು.

ಲಕ್ಷ್ಮವ್ವ ನಾಲಿಗೆ ಕಚ್ಚಿಕೊಂಡು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಹಂಗ ಗಟ್ಟಿಯಾಗಿ ಅನಬ್ಯಾಡ್ರಿ. ಅದು ನಮ್ಮ ಅತ್ತಿ ಹೆಸರು. ಅವರು ಹ್ವಾದ ಮ್ಯಾಲ ಈಕಿ ಹುಟ್ಟಿದ್ಲು, ಅವರ ಹೆಸರೇ ಇಟ್ಟೀವಿ. ಸೊಸಿ ಆದಾಕಿ ಅತ್ತಿ ಹೆಸರ ಬಾಯಾಗ ತರಬಾರದ್ರಿ. ಅದಕ್ಕ ನಾ ಆಯಿ ಅಂತೀನಿ. ಈಕಿ ಅಪ್ಪ ತಮ್ಮ ಅವ್ವನ ಹೆಸರಂತ ಅವ್ವಾ ಅಂತಾರ. ಆ ಹೆಸರ ತಗೊಂಡು ಯಾರೂ ಕರಿಯಂಗಿಲ್ಲ ಈಕಿನ್ನ."

"ಆದರೆ ಅದು ತನ್ನ ಹೆಸರು ಅಂತ ಅವಳಿಗೆ ಗೊತ್ತಿಲ್ಲವಾ?"

"ಗೊತ್ತದರಿ. ಗೊತ್ತಿದ್ದಕ್ಕೇ ಸುಮ್ಮ ಕುಂದರ್ತಾಳ." ಲಕ್ಷ್ಮವ್ವ ಹೇಳಲೋ ಬೇಡವೋ ಎಂದು ಗಂಡನ ಮುಖ ನೋಡಿದಳು. ಆಮೇಲೆ ಹೇಳಿಯೇಬಿಟ್ಟಳು. "ಮೊದಮೊದಲು ದಿನಾ ಮನಿಗಿ ಬಂದು ಅಳ್ತಿದ್ದಳ್ರಿ. ಟೀಚರಬಾಯಿ ಸತ್ತ ಆಯಿ ಹೆಸರ ಎಲ್ಲಾರ ಮುಂದ ಒದರ್ತಾಳ ಅಂತ. ನಾ ಹೇಳ್ದೆ, ಅವರು ಬ್ಯಾರೆ ಸೀಮಿಯವರು, ಹಿರೇರ ಹೆಸರ ಹಂಗ ತಗೀಬಾರದು ಅಂತ ಅವರ ಮನ್ಯಾಗ ಯಾರೂ ಕಲಿಸಿಲ್ಲ, ನೀ ತೆಲಿ ಕೆಳಗ ಹಾಕಿ ಕುಂದರು ಅಂತ. ಸಿಟ್ಟಿಗೇಳಬ್ಯಾಡ್ರಿ. ನಿಮ್ಮಲ್ಲಿ ಗಂಡನ ಹೆಸರ ತಗೀತಾರೇನ್ರಿ?"

ಮದುವೆಯಾಗಿ ಒಂಬತ್ತು ವರ್ಷ ಶೀಲಾವತಿಯ ಬಾಯಿಂದ ರಮಾನಾಥ ಎಂಬ ನಾಲ್ಕು ಅಕ್ಷರ ಹೊರಟದ್ದಿಲ್ಲ. ರೇಶನ್ ಕಚೇರಿಯ ಗುಮಾಸ್ತ ಕೇಳಿದರೆ ಶೇಖರನನ್ನು ಮುಂದೆ ತಳ್ಳಿ ಅವನಿಂದ ಹೇಳಿಸುತ್ತಿದ್ದಳು. ತನ್ನದಾದರೆ ಮರ್ಯಾದೆ, ಇವರದಾದರೆ ಮಂದಬುದ್ಧಿ. ಎಂಟು ತಿಂಗಳು ತಾನು ಈ ಹುಡುಗಿಯನ್ನು ನೋಡಿ ಹೇಸಿದ್ದಾಯಿತು. ಈ ಹುಡುಗಿಯೂ ಎಂಟು ತಿಂಗಳು ತನ್ನನ್ನು ನೋಡಿ ಹೇಸಿದ್ದಾಳೆ ಎಂಬುದು ಅವಳ ತಲೆಗೆ ನಿಧಾನವಾಗಿ ಇಳಿಯಿತು. ಮನೆಯಲ್ಲಿ ಯಾರೂ ಕಲಿಸಿಲ್ಲ! ಇವಳಿಗೆ, ಟ್ರೈನಿಂಗ್ ಆದವಳಿಗೆ.

"ಮತ್ತೆ ಹಸುವಿನ ಚಿತ್ರ ತೋರಿಸಿದಾಗ?" ಎಂದು ಸೋಲದೆ ಕೇಳಿದಳು. "ಅದಕ್ಕೂ ಬಾಯಿ ಬಿಡಲಿಲ್ಲ."

ರಾಚವ್ವ ಹಿಟ್ಟು ನಾದುತ್ತಲೇ ತಾಯಿಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಆಕಳ ಇತ್ತು. ಆ ಬಾಯಿಗೆ ಗೊತ್ತಿತ್ತಲ್ಲ, ಮತ್ಯಾಕ ಕೇಳಿದಳು?"

"ಗೊತ್ತಿದ್ದೂ ಕೇಳೋರು ಪೊಲೀಸ್ರು ಅಷ್ಟ ರೀ," ಎಂದ ಭೀಮರಾಯ, ಕಾಲು ಒರೆಸಿಕೊಂಡು ಒಳಗೆ ಬರುತ್ತ. "ಹೆಸರೇನು, ಅಪ್ಪ ಯಾರು, ಈ ಜಾಗ ಯಾರದು. ಝೋಪಡಿ ಕೀಳಾಕ ಬರೋ ಮುಂದ ಮೊದಲ ಹುಡುಗರನ್ನ ಹಿಡ್ಕೊಂಡು ಕೇಳ್ತಾರ. ಬಾಯಿ ಬಿಡಬ್ಯಾಡ್ರಿ ಅಂತ ನಾವೇ ಕಲಿಸೀವಿ. ಆ ಮಾತ ಬಿಡ್ರಿ. ದೊಡ್ಡ ಸಾಲಿ ಕಾಗದ ತಂದೀರಂತಲ್ಲ, ಎಲ್ಲಿ ಒತ್ತಲಿ? ನೀವು ಚೊಲೋದು ಅಂದ್ರ ನಮಗ ಚೊಲೋದು."

ಎಡಗೈಯ ಹೆಬ್ಬೆಟ್ಟನ್ನು ಪಂಚೆಗೆ ಉಜ್ಜಿ ಅವಳ ಮುಂದೆ ಹಿಡಿದ. ಆ ಹೆಬ್ಬೆಟ್ಟು ನೋಡಿ ಬೊರಿವಲಿಯ ಕಿಟಕಿಗೆ ಕಟ್ಟಿದ ಪಂಚೆ ಶೀಲಾವತಿಯ ಕಣ್ಣಿಗೆ ಕಟ್ಟಿತು. ಕಾಗದದಲ್ಲಿ ತಪ್ಪಾಗಿದೆ, ಬೇರೆ ತರುತ್ತೇನೆ ಎಂದು ಚೀಲಕ್ಕೆ ತುರುಕಿಕೊಂಡು ಎದ್ದಳು. ಗಟಾರದ ಹತ್ತಿರ ಬಂದಾಗ ನಾತ ಮೂಗಿಗೆ ಹೊಡೆಯಿತು. ಸೆರಗು ಎತ್ತಲು ಹೋದ ಕೈಯನ್ನು ಅವಳೇ ತಡೆದುಕೊಂಡಳು. ಗಟಾರಕ್ಕಾದರೂ ನಾರುವುದು ಧರ್ಮ, ತನಗೇನು ಬಂದಿತ್ತು ಎನಿಸಿತು.

ರಾತ್ರಿ ಎಲ್ಲವನ್ನೂ ಗಂಡನಿಗೆ ಹೇಳಿದಳು. ರಮಾನಾಥ ಮಜ್ಜಿಗೆ ಅನ್ನ ಕಲಸುತ್ತ ಕೇಳಿಸಿಕೊಂಡ. "ಧಣಿಗಳ ಮನೆಯ ವಿಷಯ ಅದು. ಮೆಲ್ಲ ಹೇಳಿ ನೋಡು, ಕೇಳದಿದ್ದರೆ ಸುಮ್ಮನಿರು," ಎಂದ. ತಟ್ಟೆ ಬರಿದಾದ ಮೇಲೆ, "ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಕೆಲಸಕ್ಕೆ ಟ್ರೈನಿಂಗ್ ಬೇರೆ ಬೇಕಾ," ಎಂದು ಕೈ ತೊಳೆಯಲು ಎದ್ದುಹೋದ.

ಮರುದಿನ ಮಧ್ಯಾಹ್ನ ಅವಳು ಗ್ರಾಂಟ್ ರೋಡಿಗೆ ಹೋದಳು. ಹೋಟೆಲಿನ ಮೇಲಿನ ಮಾಳಿಗೆಯಲ್ಲೇ ಧಣಿಗಳ ಮನೆ. ಪ್ರಫುಲ್ಲಾ ಊಟ ಮುಗಿಸಿ ವೀಳ್ಯ ಮೆಲ್ಲುತ್ತ ಕೂತಿದ್ದಳು. ಅವಳ ಸುತ್ತ ಫೈಲುಗಳು, ಮುಂದಿನ ತಿಂಗಳ ಮೀಟಿಂಗಿನ ಆಮಂತ್ರಣಗಳು.

"ಪ್ರಫುಲ್ಲಕ್ಕ, ಆ ರಾಚವ್ವ ಮಂದ ಅಲ್ಲ," ಎಂದು ಶೀಲಾವತಿ ಶುರುಮಾಡಿದಳು. ಅತ್ತೆಯ ಹೆಸರಿನದು, ಹಸುವಿನದು, ಏಳು ರೊಟ್ಟಿಯದು, ಒಂದೂ ಬಿಡದೆ ಹೇಳಿದಳು. ಇನ್ನೊಮ್ಮೆ ಟೆಸ್ಟ್ ಮಾಡಿಸಿ, ನಾನು ಸರಿಯಾಗಿ ಕೇಳುತ್ತೇನೆ ಎಂದಳು.

"ದಳವಿ ಪುಣೆಗೆ ಹೋಗಿ ಆಯ್ತು. ಲಿಸ್ಟ್ ಟೈಪ್ ಆಗಿ ಟ್ರಸ್ಟಿಗೂ ಹೋಗಿದೆ ಮಾರಾಯ್ತಿ." ಪ್ರಫುಲ್ಲಾ ಎದ್ದು ಕಿಟಕಿಯಿಂದ ಹೊರಗೆ ಉಗುಳಿ ಬಂದಳು. "ಹತ್ತು ಅಂದರೆ ಹತ್ತು. ಒಂಬತ್ತು ಕಳಿಸಿದರೆ ಬರುವ ವರ್ಷ ಐದು ಮಾಡ್ತಾರೆ. ಆಮೇಲೆ ನಂಗೆ ಮುಖ ಎತ್ತಿಕೊಂಡು ಮೀಟಿಂಗಿಗೆ ಹೋಗ್ಲಿಕ್ಕೆ ಉಂಟಾ?"

"ಆದರೆ ಮಗು ಸರಿ ಉಂಟು ಅಕ್ಕ. ಅಲ್ಲಿ ಹೋದರೆ ಅದರ ಗತಿ ಎಂತ?"

ಪ್ರಫುಲ್ಲಾ ಅವಳನ್ನು ಕರುಣೆಯಿಂದಲೇ ನೋಡಿದಳು. ಕೆಟ್ಟವಳಲ್ಲ ಅವಳು. ಸಾವಿತ್ರಿ ವ್ರತಕ್ಕೆ ಬಂದವರಿಗೆಲ್ಲ ಸೀರೆ ಕೊಡುವವಳು. "ಅವಳು ಬೇಡ ಅಂದರೆ ಬೇಡ. ಅವಳೇ ಆಗಬೇಕು ಅಂತ ನಂಗೆಂತ ಹಟ? ಅವಳ ಬದಲಿಗೆ ಬೇರೆ ಒಂದು ಹೆಸರು ಕೊಡು, ಅಷ್ಟೇ. ದಳವಿ ಸೈನ್ ಹಾಕಿದ ಖಾಲಿ ಫಾರ್ಮು ನಾಲ್ಕು ಇಟ್ಟು ಹೋಗಿದ್ದಾಳೆ. ನೀನೇ ತುಂಬಿಸು, ನಿನಗಿಂತ ಹೆಚ್ಚು ಆ ಮಕ್ಕಳು ಯಾರಿಗೆ ಗೊತ್ತುಂಟು? ಆಮೇಲೆ ನಿನ್ನ ಶೇಖರನ ಕಾನ್ವೆಂಟಿನ ಕಾಗದಕ್ಕೆ ನಿನ್ನೆಯೇ ಇವರ ಸೈನ್ ಆಗಿದೆ, ಹೋಗುವಾಗ ತಕೊಂಡು ಹೋಗು."

ಇಲ್ಲಿ ಶೀಲಾವತಿ ಎದ್ದು ನಿಲ್ಲಬೇಕಿತ್ತು. ಫಾರ್ಮನ್ನು ಹರಿದು ಮುಖದ ಮೇಲೆ ಎಸೆಯದಿದ್ದರೂ, ಕೊಡುವುದಿಲ್ಲ ಎಂಬ ಐದಕ್ಷರದ ಮಾತನ್ನಾದರೂ ಆಡಬೇಕಿತ್ತು. ಓದುವವರಿಗೆ ಹಾಗೆ ಅನಿಸಿದರೆ ತಪ್ಪಲ್ಲ. ಅವಳಿಗೂ ಮುಂದೆ ನೂರು ಸಲ ಹಾಗೆಯೇ ಅನಿಸಿತು. ಆದರೆ ಬೇರೆ ಒಂದು ಹೆಸರು ಎಂದ ಕೂಡಲೇ ಅವಳು ಕೇಳದೆಯೇ, ಕರೆಯದೆಯೇ, ಅವಳ ತಲೆಯೊಳಗೆ ಇಪ್ಪತ್ತಾರು ಮೂಗುಗಳು ಸಾಲಾಗಿ ಬಂದು ನಿಂತವು. ಅವುಗಳಲ್ಲಿ ಒಂದು ತಾನಾಗಿ ಮುಂದೆ ಬಂತು. ಅಷ್ಟು ಬೇಗ ಬಂತಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾದದ್ದು. ಯೋಚಿಸಿ, ತೂಗಿ, ಅತ್ತು ಆರಿಸಿದ್ದರೆ ಬೇರೆ ಮಾತು. ಇದು ಸಂತೆಯಲ್ಲಿ ಕೊಳೆತ ಟೊಮೆಟೊ ಆಚೆ ತೆಗೆದಷ್ಟು ಸಲೀಸಾಗಿ ಆಗಿಹೋಯಿತು.

"ಸಾಯಬಣ್ಣ," ಎಂದಳು.

ಫಾರ್ಮು ತುಂಬಿಸಿದ್ದು ಅವಳೇ. ಅವಳ ಅಕ್ಷರ ಮುತ್ತಿನಂಥದ್ದು. ಕರೆದರೆ ಓಗೊಡುತ್ತದೆಯೇ? ಇಲ್ಲ. ಮಾತು? ಇಲ್ಲ. ಮಲಮೂತ್ರದ ಹಿಡಿತ? ಇಲ್ಲ. ಚಿತ್ರ ಗುರುತಿಸುತ್ತದೆಯೇ ಎಂಬಲ್ಲಿ ಒಂದು ಕ್ಷಣ ತಡೆದಳು, ಅವನಿಗೆ ಯಾರೂ ಚಿತ್ರ ತೋರಿಸಿರಲಿಲ್ಲ. ಅಲ್ಲೂ ಇಲ್ಲ ಎಂದು ಬರೆದಳು. ಒಂದು ಸುಳ್ಳು ಬಿಟ್ಟರೆ ಉಳಿದದ್ದೆಲ್ಲ ಸತ್ಯ ಎಂದು ಲೋಕಲ್ ರೈಲಿನಲ್ಲಿ ಕೂತು ತನಗೆ ತಾನೇ ಹೇಳಿಕೊಂಡಳು. ದಾದರ್ ಬರುವ ಮೊದಲೇ ಆ ಸಮಾಧಾನ ಹಳಸಿತು. ರಾಚವ್ವನ ಬಗ್ಗೆ ಹೇಳಿದ್ದೂ ಎಲ್ಲ ಸತ್ಯವೇ ಆಗಿತ್ತಲ್ಲ. ಗಟಾರ ದಾಟಿ ಸಾಯಬಣ್ಣನ ಮನೆಗೂ ಹೋಗಿ ಕೂತು ಬರಬಹುದಿತ್ತು. ಹೋಗಲಿಲ್ಲ. ಹೋದರೆ ಅಲ್ಲಿ ಏನು ಕಾಣುತ್ತದೋ ಎಂಬ ಭಯಕ್ಕೆ ಹೋಗಲಿಲ್ಲ. ಅವನ ತಾಯಿಯ ಹೆಬ್ಬೆಟ್ಟನ್ನು ಮಂಡಳಿಯ ಗುಮಾಸ್ತ ಕಾಂತಪ್ಪ ಹೋಗಿ ಒತ್ತಿಸಿಕೊಂಡು ಬಂದ. ಎರಡು ನಿಮಿಷವೂ ಹಿಡಿಯಲಿಲ್ಲ ಎಂದು ಹೇಳಿದ.

ಮರುದಿನದಿಂದ ಹಾಜರಿಯಲ್ಲಿ ಅವಳು ಹುಡುಗಿಯನ್ನು "ಆಯಿ" ಎಂದು ಕರೆದಳು. ಹುಡುಗಿ ತಲೆ ಎತ್ತಿ, "ರೀ," ಎಂದಳು. ಬಣ್ಣ ಹೇಳಿದಳು, ಎಣಿಕೆ ಹೇಳಿದಳು, ತಮ್ಮನನ್ನು ಕಾಲ ಮೇಲೆ ಮಲಗಿಸಿಕೊಂಡು ಒಂದು ಹಾಡನ್ನೂ ಹೇಳಿದಳು. ಶೀಲಾವತಿಗೆ ಅದನ್ನು ಕೇಳಲಾಗಲಿಲ್ಲ. ಆ ಹುಡುಗಿ ಒಂದೊಂದು ಉತ್ತರ ಕೊಟ್ಟಾಗಲೂ ಬಾಗಿಲ ಬಳಿ ಚಡ್ಡಿ ಒದ್ದೆ ಮಾಡಿಕೊಂಡು ನಿಂತ ಇನ್ನೊಂದರ ಕಡೆ ಅವಳ ಕಣ್ಣು ಹೋಗುತ್ತಿತ್ತು, ಹೋದಷ್ಟೇ ಬೇಗ ತಿರುಗುತ್ತಿತ್ತು.

ಮಾರ್ಚ್ ಮೊದಲ ಸೋಮವಾರ ವ್ಯಾನು ಬಂತು. ಒಳಗೆ ಆಗಲೇ ಒಂಬತ್ತು ಮಕ್ಕಳಿದ್ದವು. ಸಾಯಬಣ್ಣನ ತಾಯಿ ಸೋಮವ್ವ ಕೆಲಸ ಬಿಟ್ಟು ಬಂದಿದ್ದಳು. ಗಂಡ ಎಲ್ಲಿಗೋ ಹೋದವನು ತಿರುಗಿ ಬಾರದೆ ಎರಡು ವರ್ಷವಾಗಿತ್ತು. ಸಿಮೆಂಟಿನ ಬುಟ್ಟಿ ಹೊತ್ತು ಅವಳ ನೆತ್ತಿಯ ಕೂದಲು ಉದುರಿತ್ತು. ಮಗನಿಗೆ ಹೊಸ ಅಂಗಿ ತಂದಿದ್ದಳು. ತಲೆಗೆ ಎಣ್ಣೆ ಹಚ್ಚಿ, ಕಣ್ಣಿಗೆ ಕಾಡಿಗೆ ಇಟ್ಟಿದ್ದಳು. ಮೇಲಿಂದ ಮೇಲೆ ಒರೆಸಿ ಒರೆಸಿ ಮೂಗಿನ ಕೆಳಗೆ ಕೆಂಪಗಾಗಿತ್ತು, ಹಳಿಯ ಗುರುತೂ ಇರಲಿಲ್ಲ. ಅವನು ತಾಯಿಯ ಸೀರೆಯ ಹಿಂದಿನಿಂದ, "ಅವ್ವಾ, ಆ ಗಾಡಿ ಡ್ರೈವರಗ ಒಂದ ಕಣ್ಣಿಲ್ಲ ನೋಡು. ಒಂದ ಕಣ್ಣಿನ್ಯಾಗ ದಾರಿ ಹೆಂಗ ಕಾಣ್ತದ?" ಎಂದ. ಶೀಲಾವತಿಯನ್ನು ಕಂಡೊಡನೆ ಬಾಯಿ ಮುಚ್ಚಿದ.

"ಮನ್ಯಾಗ ಭಾಳ ಮಾತ ರೀ ಇವನದು," ಎಂದಳು ಸೋಮವ್ವ. "ನಿಮ್ಮ ಮುಂದ ಮಾತ್ರ ಹೆದರ್ತಾನ. ನೀವು ಇವನ್ನ ನೋಡಿ ಮಾರಿ ಕಿವುಚ್ತೀರಂತ. ಅದನ್ನ ನೋಡಿದ್ರ ಇವಗ ಉಚ್ಚಿ ಬರ್ತದಂತ. ಸಣ್ಣ ಕೂಸು, ತಿಳೀದೆ ಅಂತದ, ನೀವು ಮನಸಿಗೆ ಹಚ್ಕೋಬ್ಯಾಡ್ರಿ."

ಹೇಳಿದವಳು ಬಗ್ಗಿ ಶೀಲಾವತಿಯ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ತನ್ನ ಮಗ ಸಾಲಿ ಕಲಿಯುವುದು ಟೀಚರಬಾಯಿಯ ಪುಣ್ಯ ಎಂದಳು. ಶೀಲಾವತಿ ಕಾಲು ಹಿಂದೆ ತೆಗೆಯಲು ನೋಡಿದಳು, ಹಿಂದೆ ತಗಡಿನ ಗೋಡೆ ಇತ್ತು. ಕಾಂತಪ್ಪ ಹುಡುಗನ ರಟ್ಟೆ ಹಿಡಿದು ವ್ಯಾನಿನೊಳಗೆ ಎತ್ತಿ ಹಾಕಿದ. ಹುಡುಗ ಅಳಲಿಲ್ಲ. ತಾಯಿಯ ಮುಖ ನಗುತ್ತಿತ್ತು, ಅದನ್ನು ನೋಡಿ ಅವನೂ ಧೈರ್ಯ ತಂದುಕೊಂಡು ಕೂತ.

ಬಾಗಿಲು ಹಾಕುವ ಹೊತ್ತಿಗೆ ಸೋಮವ್ವನಿಗೆ ಏನೋ ನೆನಪಾಯಿತು.

"ಉಗಾದಿಗೆ ಮನಿಗಿ ಬಿಡ್ತಾರಲ್ಲರೀ?" ಎಂದು ಕೇಳಿದಳು.

"ಬಿಡುತ್ತಾರೆ," ಎಂದಳು ಶೀಲಾವತಿ.